ಬಣ್ಣ ಕಲಸುವವಳ ಪಾತ್ರ

ಹಲಸೂರು
9 ಅಕ್ಟೋಬರ್ 2023

ತಂಗಿ ಶರ್ಫುನ್ನೀಸಾಳಿಗೆ,

ಹಲಸೂರಿನ ತಗಡಿನ ಶೆಡ್ಡಿನಿಂದ ನಿನ್ನ ರುದ್ರಕ್ಕ, ಕಂಪನಿ ನಾಟಕದ ಪರದೆಗಳ ರುದ್ರಾಣಿ, ಗಂಟಲು ಬಿಚ್ಚಿ ಕೂಗುತ್ತಿದ್ದೇನೆ, ನಾರ್ವೆ ದೇಶದ ತನಕ ಕೇಳಲಿ ಅಂತ. ಫೋನು ಮಾಡಬೇಡ. ತಬಲಾದವನ ಮಗ್ಗುಲಲ್ಲಿ ಕೂತು ಬೆಳೆದ ಕಿವಿ ಇದು, ಈಗ ಕೈಕೊಟ್ಟಿದೆ. ಫೋನಿನಲ್ಲಿ ನಿನ್ನ ದನಿ ಅಂದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಕಾಗದ ಬರಿ. ನಾಟಕದ ಮಾತು ನಕಲು ಮಾಡಿಸಿ ನಿನ್ನ ಕನ್ನಡ ಅಕ್ಷರ ದುಂಡಗೆ ಮಾಡಿದವಳು ನಾನು. ಆ ಋಣಕ್ಕಾದರೂ ಬರಿ.

ನೀನು ಹೋದ ಮೇಲೆ ನಿನ್ನ ಅಣ್ಣನ ಮಗಳು ನಾಜಿಶ್ ಶಿವಾಜಿನಗರದಿಂದ ಬಂದಿದ್ದಳು. ಬಾಗಿಲಲ್ಲೇ ನಿಂತು, ಫುಪ್ಪು ಇಲ್ಲದೆ ಇಲ್ಲಿ ಗಾಳಿಯೇ ಇಲ್ಲ ಅನಿಸುತ್ತೆ ಅಂದಳು. ಗಾಳಿ ಅದೆ ಮಗಳೇ, ಟರ್ಪೆಂಟೈನಿಗೆ ಹೆದರಿ ಹೊರಗೆ ನಿಂತದೆ ಅಂದೆ.

ಇರಲಿ, ಕೆಲಸದ ಮಾತಿಗೆ ಬರ್ತೀನಿ. ನಾಜಿಶ್ ತೆಗೆದ ಫೋಟೋದಲ್ಲಿ ನಮ್ಮ ನೀಲಿ ಟ್ರಂಕು ನೋಡಿ ನಾರ್ವೆಯ ಆ ಚಿತ್ರದ ಶಾಲೆಯವರು ಬೆರಗಾದರು. ನಮ್ಮಲ್ಲೂ ಮದುಮಗಳ ಪೆಟ್ಟಿಗೆಯ ಮೇಲೆ ಹೀಗೇ ಬಳ್ಳಿ ಗುಲಾಬಿ ಬರೆಯುತ್ತಾರೆ, ಟ್ರಂಕನ್ನೂ ತನ್ನಿ, ಚಳಿಗಾಲದ ಪಾಠಕ್ಕೆ ಒಬ್ಬರು ಬನ್ನಿ ಅಂದರು. ಒಬ್ಬರು. ಆ ಟ್ರಂಕಿನ ಬಳ್ಳಿ ನಿನ್ನದು, ನಿಮ್ಮ ಅಬ್ಬಾ ಅಹ್ಮದ್ ಪಾಷಾ ಸಾಹೇಬರು ಮದುವೆಯಲ್ಲಿ ಕೊಡುವ ಜಹೇಜಿನ ಟ್ರಂಕುಗಳ ಮೇಲೆ ಕಲಿಸಿದ್ದು. ಹೂವು ನನ್ನದು, ಉದ್ಯಾನವನದ ಪರದೆಯಿಂದ ಇಳಿದು ಬಂದದ್ದು. ಬಳ್ಳಿಯವಳು ಎಂದೂ ಹೂವು ಮುಟ್ಟಲಿಲ್ಲ, ಹೂವಿನವಳು ಬಳ್ಳಿ ಮುಟ್ಟಲಿಲ್ಲ. ಆದರೂ ನೀನೇ ಹೋಗು ಅಂದೆ, ಯಾಕಂದರೆ ನನಗೆ ಪಾಸ್‌ಪೋರ್ಟಿಲ್ಲ. ನಾನು ಹುಟ್ಟಿದ್ದು ಕಂಪನಿಯ ಇಳಕಲ್ಲಿನ ಕ್ಯಾಂಪಿನಲ್ಲಿ, ಅರಮನೆ ಪರದೆಯ ಹಿಂದೆ. ಮುಂದೆ ರಾಜ ಅಬ್ಬರಿಸುತ್ತಿದ್ದ, ಹಿಂದೆ ನಮ್ಮವ್ವ ಹೆತ್ತಳು. ಆಧಾರಿನಲ್ಲಿ ಒಂದು ಹುಟ್ಟು, ವೋಟರ್ ಕಾರ್ಡಿನಲ್ಲಿ ಮತ್ತೊಂದು ಹುಟ್ಟು. ಎರಡು ಸಲ ಹುಟ್ಟಿದವಳಿಗೆ ಪಾಸ್‌ಪೋರ್ಟು ಕೊಡೋದು ಅವರಿಗೂ ಕಷ್ಟವೇ.

ನಮ್ಮ ಮಾತು ನೆನಪಿರಲಿ. ಅಲ್ಲಿ ಎರಡೂ ಹೆಸರು ಹೇಳಬೇಕು. ಬರುವ ಚಳಿಗಾಲಕ್ಕೆ ಅವರು ನನ್ನನ್ನು ಕರೆಯಬೇಕು. ಊರೂರು ತಿರುಗಿ ಪರದೆ ಬರೆದೆ ಶರ್ಫು, ಎಲ್ಲದರ ಮೇಲೂ ಮಾಲೀಕರ ಹೆಸರೇ. ಅರವತ್ತು ದಾಟಿದ ಮೇಲಾದರೂ ಒಂದು ಕಡೆ ನನ್ನ ಹೆಸರು ಕೂತಿರಲಿ.

ನಿನ್ನ ರುದ್ರಕ್ಕ

*

ತೆಲೆಮಾರ್ಕ್, ನಾರ್ವೆ
30 ಅಕ್ಟೋಬರ್ 2023

ರುದ್ರಕ್ಕಾ, ಸಲಾಂ.

ಟ್ರಂಕು ಒಂದು ಗೀರೂ ಬೀಳದೆ ಬಂತು. ಶಾಲೆ ಬೆಟ್ಟದ ಮಗ್ಗುಲಲ್ಲಿದೆ, ಕಪ್ಪು ಮರದ ಕಟ್ಟಡ. ನನಗೊಂದು ಕೋಣೆ ಕೊಟ್ಟಿದ್ದಾರೆ. ಬೀಗದಕೈ ನನ್ನ ಹತ್ತಿರಾನೇ ಇರುತ್ತೆ. ತಲಾಕ್ ಆದ ಮೇಲೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೆನಲ್ಲ, ಅದಕ್ಕೆ ಒಳಗಿನಿಂದ ಚಿಲಕ ಇರಲಿಲ್ಲ. ಇಲ್ಲಿ ಮೊದಲ ದಿನ ಸುಮ್ಮನೆ ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿದೆ.

ನಮ್ಮ ಗುರು ಸಿಗ್ರಿಡ್ ಅಂತ. ದೊಡ್ಡ ಹೆಂಗಸು, ನಿನ್ನ ವಯಸ್ಸು. ಇವರ ಹೂಚಿತ್ರಕ್ಕೆ ರೋಸೆಮಾಲಿಂಗ್ ಅಂತಾರೆ. ಹಿಂದೆ ಜಮೀನಿಲ್ಲದ ಬಡವರು ಬಣ್ಣದ ಗಂಟು ಹೊತ್ತು ಕಣಿವೆಯಿಂದ ಕಣಿವೆಗೆ ಹೋಗಿ, ಊಟ ಹಾಸಿಗೆಗೆ ಮನೆ ಗೋಡೆ, ಪೆಟ್ಟಿಗೆ ಎಲ್ಲ ಬರೀತಿದ್ದರಂತೆ. ಕೇಳಿದಾಗ ನಿಮ್ಮ ಕ್ಯಾಂಪು ನೆನಪಾಯ್ತು.

ಟ್ರಂಕು ಬಿಚ್ಚಿದ ಕೂಡಲೇ ಸಿಗ್ರಿಡ್ ಮಂಡಿಯೂರಿ ಕೂತುಬಿಟ್ಟರು. ಹೂವಿನ ಎಸಳಿನ ಬಿಳಿ ಅಂಚನ್ನು ಬೆರಳಲ್ಲಿ ತೋರಿಸಿ ಏನೇನೋ ಅಂದರು. ಇವರಲ್ಲೂ ಹೀಗೆ ಬಿಳಿ ಎಳೀತಾರಂತೆ, ಆದರೆ ಇಷ್ಟು ಬೆಳಕು ಬರಲ್ವಂತೆ. ನನಗೆ ತುಂಬಾ ಮರ್ಯಾದೆ ಕೊಡ್ತಾರೆ.

ಗುರುವಾರ ಸಂಜೆ ಹಳೇ ಕುಣಿತ ಇರುತ್ತೆ. ಅಕಾರ್ಡಿಯನ್, ಮತ್ತೆ ಇವರದೇ ಒಂದು ಪಿಟೀಲು. ಅದರ ಮೈಮೇಲೆಲ್ಲ ಹೂವು ಬರೆದಿರ್ತಾರೆ. ಬಾರಿಸೋ ತಂತಿಗಳ ಕೆಳಗೆ ಇನ್ನೊಂದು ಸಾಲು ತಂತಿ ಇದೆ. ಅದನ್ನು ಯಾರೂ ಮುಟ್ಟಲ್ಲ, ಮೇಲಿನದು ನುಡಿದರೆ ತಾನೇ ನುಡಿಯುತ್ತೆ. ಡಿಸೆಂಬರ್ ಬಂದರೆ ಕುಕ್ ಟೌನ್ ಬಂಗಲೆಗಳಿಂದ ಕೇಳಿಸ್ತಿತ್ತಲ್ಲ, ತೂಗಿ ತೂಗಿ ಸುತ್ತೋ ಕುಣಿತ, ಅದೇ ವಾಲ್ಟ್ಸ್. ಇಲ್ಲಿ ಯಾರಾದರೂ ಬಂದು ಕೈ ಚಾಚಿದರೆ ಒಲ್ಲೆ ಅನ್ನಬಾರದಂತೆ, ಅದು ಪದ್ಧತಿ. ನಾನು ಗೋಡೆಗೆ ಒರಗಿ ಕೂತಿದ್ದೆ. ಸಿಗ್ರಿಡ್ ಬಂದು ಕೈ ಚಾಚಿದರು. ಹೆಂಗಸರೇ ತಾನೇ ಅಂತ ಎದ್ದೆ.

ಶರ್ಫು

*

ಹಲಸೂರು
22 ನವೆಂಬರ್ 2023

ತಂಗೀ,

ಭಲೆ. ನಿನ್ನ ಕಾಗದವನ್ನು ನಾಜಿಶಳಿಂದ ಓದಿಸಿ, ಆಮೇಲೆ ನಾನೂ ಓದಿ, ಕೊನೆಗೆ ಪಕ್ಕದ ವೆಲ್ಡಿಂಗ್ ಅಂಗಡಿಯವನಿಗೂ ಓದಿ ಹೇಳಿದೆ. ಅವನು, ಏನಮ್ಮಾ, ಬಿಳಿ ಅಂಚಿಗೆ ಮಂಡಿ ಊರಿದ್ರಾ ಅಂತ ಕೇಳಿದ. ಊರದೆ ಏನು, ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಹೂವು ಹೂವಾಗಿ ಕಾಣಬೇಕು ಅಂತ ನಮ್ಮಪ್ಪ ನನ್ನ ಬೆನ್ನಿಗೆ ಬಾರಿಸಿ ಕಲಿಸಿದ ಅಂಚದು. ಈಗ ಅದು ಹಿಮದ ದೇಶದ ಕೊನೆಯ ಸಾಲಿಗೂ ಕಂಡಿತು ನೋಡು.

ಆದರೆ ಒಂದು ಮಾತು ಬಿಟ್ಟಿದ್ದೀಯ. ಹೂವು ರುದ್ರಾಣಿಯದು ಅಂದಾಗ ಆ ಸಿಗ್ರಿಡ್ ಬಾಯಿ ಏನಂದಳು? ಭಾಷೆ ತೊಡಕಾಗಿದ್ದರೆ ಟ್ರಂಕಿನ ಬಲಗಡೆ ಕೆಳಮೂಲೆಯಲ್ಲಿರುವ ಕಪ್ಪು ಹೆಬ್ಬೆಟ್ಟು ತೋರಿಸು. ಅದು ಏನು ಅಂತ ನಿನಗೂ ನಾನು ಬಿಡಿಸಿ ಹೇಳಿರಲಿಲ್ಲ, ದೃಷ್ಟಿಬೊಟ್ಟು ಅಂತಷ್ಟೇ ತಿಳಿದಿದ್ದೀಯ. ಕಂಪನಿಯಲ್ಲಿ ಪರದೆ ಮುಗಿದ ದಿನ ಬರೆದವರು ಕಾಡಿಗೆಯಲ್ಲಿ ಹೆಬ್ಬೆರಳದ್ದಿ ಮೂಲೆಗೆ ಒತ್ತಬೇಕು. ಮಾಲೀಕರು ಅದಕ್ಕೆ ದೃಷ್ಟಿಬೊಟ್ಟು ಅಂತ ಹೆಸರಿಟ್ಟು ಸುಮ್ಮನಾಗುತ್ತಿದ್ದರು. ಬರೆಯುವವರಿಗೆ ಗೊತ್ತಿತ್ತು ಅದು ನಮ್ಮ ಸಹಿ ಅಂತ. ಬೇರೆ ಕಂಪನಿಯ ಪರದೆ ಕಂಡರೂ ನಮ್ಮಪ್ಪ ಮೊದಲು ಮೂಲೆಗೆ ಬಗ್ಗಿ, ಇದು ಇಂಥವನ ಬೆರಳು ಅನ್ನುತ್ತಿದ್ದ.

ಪಾಸ್‌ಪೋರ್ಟಿನ ಸುದ್ದಿ ಕೇಳಬೇಡ, ಏನೂ ಇಲ್ಲ.

ಇನ್ನೊಂದು. ನೀನು ಕುಣಿದದ್ದನ್ನು ನಿಮ್ಮಣ್ಣನಿಗೆ ಹೇಳಬೇಡ ಅಂತ ನಾಜಿಶಳ ಬಾಯಿಗೆ ಬೀಗ ಹಾಕಿದ್ದೇನೆ. ಅವಳು ನಕ್ಕು, ಅಮ್ಮಾ, ನಾನೇ ಒಂದು ವಿಡಿಯೋ ಕಳಿಸು ಅಂತ ಕೇಳಿದ್ದೀನಿ ಅಂದಳು.

ರುದ್ರಕ್ಕ

*

ತೆಲೆಮಾರ್ಕ್
14 ಡಿಸೆಂಬರ್ 2023

ರುದ್ರಕ್ಕಾ,

ಈಗ ಮಧ್ಯಾಹ್ನ ಊಟ ಮುಗಿಸೋದರೊಳಗೆ ಕತ್ತಲೆ. ಬರೆಯೋದು ತಡವಾಯ್ತು, ಬೇಜಾರಾಗಬೇಡ.

ಹೆಸರಿನ ವಿಷಯ ಹೇಳ್ತೀನಿ, ಸರಿಯಾದ ಸಮಯ ನೋಡಿ. ಇಲ್ಲಿ ಎಲ್ಲರೂ ಒಬ್ಬರು ಒಂದು ಪೆಟ್ಟಿಗೆ ಪೂರ್ತಿ ಬರೀತಾರೆ. ಎರಡು ಕೈ ಅಂದರೆ ಅರ್ಥ ಮಾಡಿಸೋದು ಕಷ್ಟ. ಆ ಹೆಬ್ಬೆಟ್ಟು ಈಗ ಇಲ್ಲ ಅಕ್ಕಾ. ಪ್ರದರ್ಶನಕ್ಕೆ ಇಡೋ ಮುಂಚೆ ಶಾಲೆಯವರು ಒರೆಸಿಬಿಟ್ಟಿದ್ದಾರೆ, ಕೊಳೆ ಅಂದುಕೊಂಡು. ನಾನು ಊಟಕ್ಕೆ ಹೋಗಿದ್ದೆ. ವಾಪಸ್ ಬರೋ ಹೊತ್ತಿಗೆ ಆಗಿಹೋಗಿತ್ತು.

ಸುಮ್ಮನೆ ಒಂದು ಕೇಳ್ತೀನಿ. ನೀನು ಎಸಳು ಬರೆಯುವಾಗ ಕುಂಚಕ್ಕೆ ಕೆಂಪು, ಬಿಳಿ ಎರಡನ್ನೂ ಒಟ್ಟಿಗೆ ಹಚ್ತೀಯಾ, ಇಲ್ಲ ಕೆಂಪು ಒಣಗಿದ ಮೇಲೆ ಬಿಳಿಯಾ? ಪಕ್ಕದಲ್ಲೇ ಇದ್ದು ಇಷ್ಟು ವರ್ಷ ನೋಡಿದ್ದೀನಿ, ಆದರೆ ನನ್ನ ಕಣ್ಣು ನನ್ನ ಬಳ್ಳಿ ಮೇಲೇ ಇರ್ತಿತ್ತು. ಅವಸರ ಇಲ್ಲ. ಆದರೆ ಬೇಗ ಬರೆದರೆ ಒಳ್ಳೇದು.

ಇಲ್ಲಿ ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ ಹಾಕಿದ್ದಾರೆ. ಸಿಗ್ರಿಡ್ ತಾವೇ ಬರೆದು ಸುತ್ತ ಬಳ್ಳಿ ಬಿಟ್ಟಿದ್ದಾರೆ.

ಶರ್ಫು

*

ಹಲಸೂರು
6 ಜನವರಿ 2024

ತಂಗೀ,

ಹೆಬ್ಬೆಟ್ಟು ಒರೆಸಿದರೆಂದು ಓದಿ ಮೈ ಉರಿಯಿತು. ಒಂದು ಹೊತ್ತು ಊಟ ಬಿಟ್ಟೆ. ಆಮೇಲೆ ಯೋಚಿಸಿದೆ, ಪಾಪ, ಅವರಿಗೇನು ಗೊತ್ತು. ಮಸಿ ಕಂಡರೆ ಒರೆಸುವುದು ಹೆಂಗಸರ ಜಾಯಮಾನ. ಕ್ಷಮಿಸಿದ್ದೇನೆ ಅಂತ ಅವರಿಗೆ ಹೇಳು.

ಕುಂಚದ ಮಾತು. ಎಲೈ ಶರ್ಫುನ್ನೀಸಾ, ಇಷ್ಟು ವರ್ಷ ಮಗ್ಗುಲಲ್ಲಿ ಕೂತು ಈಗ ಕೇಳುತ್ತೀಯಲ್ಲ. ಕೇಳಿಸಿಕೋ. ಚಪ್ಪಟೆ ಕುಂಚ. ಒಂದು ಮೂಲೆ ಕೆಂಪಿಗೆ, ಇನ್ನೊಂದು ಮೂಲೆ ಬಿಳಿಗೆ. ಗಾಜಿನ ಮೇಲೆ ಹಿಂದೆ ಮುಂದೆ ಸವರು, ನಡುವೆ ಎರಡೂ ಬೆರೆತು ಗುಲಾಬಿ ಬರಬೇಕು. ಮಗುವಿಗೆ ಬೆಣ್ಣೆ ಹಚ್ಚಿದ ಹಾಗೆ ಸವರು, ತಿಕ್ಕಬೇಡ. ಆಮೇಲೆ ತಗಡಿಗೆ ಒತ್ತು, ಮಣಿಕಟ್ಟು ತಿರುಗಿಸು, ತಿರುಗಿಸುತ್ತಲೇ ಎತ್ತು. ಉಸಿರು ಬಿಡುವುದು ಎತ್ತಿದ ಮೇಲೆ. ಎಣ್ಣೆ ಜಾಸ್ತಿಯಾದರೆ ಅಂಚು ಅಳುತ್ತದೆ. ಕಮ್ಮಿಯಾದರೆ ಬಿರುಸಾಗುತ್ತದೆ. ಮುಖ್ಯ ಮಾತು, ಬೆಳಕು ಒಂದೇ ಕಡೆಯಿಂದ. ನಮ್ಮ ಕಂಪನಿಯಲ್ಲಿ ದೀಪ ರಂಗದ ಬಲಮಗ್ಗುಲಿನ ವಿಂಗಿನಲ್ಲಿತ್ತು, ಅದಕ್ಕೇ ನನ್ನ ಹೂಗಳೆಲ್ಲ ಬಲಕ್ಕೆ ಬೆಳಗುತ್ತವೆ. ಹೂವು ಎತ್ತ ತಿರುಗಿದ್ದರೂ ಸರಿ, ಬಿಳಿ ಮಾತ್ರ ಬಲಗಡೆಗೇ. ಇದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ. ನೀನು ಕೇಳಿದೆ, ಹೇಳಿದೆ.

ಯಾಕೆ ಬೇಕಿತ್ತು ಅಂತ ನೀನು ಬರೆದಿಲ್ಲ. ಅಲ್ಲಿ ಕೂತು ಅಕ್ಕನ ಕೈ ನೆನಪಾಯಿತು ಅಂತ ತಿಳಿದಿದ್ದೇನೆ.

ನನ್ನ ಕೈಗೊಂದು ಪುಟ್ಟ ವಸ್ತು ಬಂದಿದೆ. ಏನು ಅಂತ ಹೇಳುವುದಿಲ್ಲ. ನೀನು ಕುಣಿಯುತ್ತೀಯ, ಅದೂ ಪಿಟೀಲಿಲ್ಲದೆ.

ರುದ್ರಕ್ಕ

*

ತೆಲೆಮಾರ್ಕ್
29 ಜನವರಿ 2024

ರುದ್ರಕ್ಕಾ,

ನಿನ್ನ ಕಾಗದ ಸರಿಯಾದ ಹೊತ್ತಿಗೆ ಬಂತು. ತುಂಬಾ ಉಪಕಾರ ಆಯ್ತು.

ಸುದ್ದಿ ಏನಂದರೆ ನನ್ನನ್ನು ಇಲ್ಲೇ ಇರಿ, ಬರೋ ವರ್ಷ ಪಾಠ ಮಾಡಿ ಅಂತ ಕೇಳಿದ್ದಾರೆ. ಇನ್ನೂ ಪಕ್ಕಾ ಆಗಿಲ್ಲ. ಸಿಗ್ರಿಡ್ ಮಾರ್ಚಿನಲ್ಲಿ ಇಂಡಿಯಾಕ್ಕೆ ಬರ್ತಾರೆ, ಬೆಂಗಳೂರಿಗೂ ಬರ್ತಾರೆ. ನಮ್ಮ ಶೆಡ್ಡು ನೋಡಬೇಕಂತೆ. ನಾಜಿಶ್ ಕರಕೊಂಡು ಬರ್ತಾಳೆ.

ಉಳಿದದ್ದು ಮುಂದೆ ಬರೀತೀನಿ.

ಶರ್ಫು

*

ಹಲಸೂರು
19 ಫೆಬ್ರವರಿ 2024

ಶರ್ಫೂ,

ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ಪಾಸ್‌ಪೋರ್ಟು ಬಂದಿದೆ. ಎರಡು ಹುಟ್ಟಿನಲ್ಲಿ ಒಂದನ್ನು ಸಾಯಿಸಿ, ಅಫಿಡವಿಟ್ಟು ಬರೆದು, ಬಾಣಸವಾಡಿಯ ವಕೀಲರೊಬ್ಬರ ಮೆಟ್ಟಿಲು ಸವೆಸಿ ತಂದಿದ್ದೇನೆ. ಕೈಯಲ್ಲಿ ಹಿಡಿದು ನೋಡಿದರೆ ನನ್ನ ಮುಖ ಕಳ್ಳಿಯ ಹಾಗಿದೆ. ಆದರೆ ಹೆಸರು ಸ್ಪಷ್ಟ: ರುದ್ರಾಣಿ.

ಮತ್ತೆ ಆ ಸಿಗ್ರಿಡ್ ಬಾಯಿ ತಾನೇ ಬರುತ್ತಿದ್ದಾಳೆ. ನೀನು ಒಗಟಿನ ಹಾಗೆ ಬರೆದರೇನು, ನನಗೆ ತಿಳಿಯದೇ. ಒಂದು ಟ್ರಂಕಿನ ಎರಡನೇ ಕೈ ನೋಡಲು ಬರುತ್ತಿದ್ದಾಳೆ. ನೀನು ಅಲ್ಲಿ ಪಾಠ ಹೇಳುವುದಾದರೆ ಬಳ್ಳಿ ನೀನು ಹೇಳು, ಹೂವು ನಾನು ಹೇಳುತ್ತೇನೆ. ಗುರುವಾರ ಕುಣಿಯೋಣ. ಕಿವಿ ಕೇಳದಿದ್ದರೇನು, ನೆಲ ಮಿಡಿಯುತ್ತದಲ್ಲ, ಅಂಗಾಲಿಗೆ ತಿಳಿಯುತ್ತದೆ.

ಶೆಡ್ಡಿಗೆ ಸುಣ್ಣ ಬಳಿಸಿದೆ. ಹೊಸದೊಂದು ಕೆಂಪು ಟ್ರಂಕಿಗೆ ಹೂವು ಮುಗಿಸಿದ್ದೇನೆ, ಬಳ್ಳಿಯ ಜಾಗ ನಿನಗಾಗಿ ಖಾಲಿ ಬಿಟ್ಟಿದ್ದೇನೆ. ಅವಳು ಬಂದಾಗ ಅದನ್ನು ನಡುಮಧ್ಯೆ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಸರಿಯಾದ ಕ್ಷಣಕ್ಕೆ ಸರಕ್ಕನೆ ಎಳೆಯುತ್ತೇನೆ.

ರುದ್ರಕ್ಕ

*

ತೆಲೆಮಾರ್ಕ್
4 ಮಾರ್ಚ್ 2024
(ಅಂಚೆಗೆ ಹೊತ್ತಿಲ್ಲ. ಬರೆದು, ಫೋಟೋ ತೆಗೆದು ನಾಜಿಶ್ ಫೋನಿಗೆ ಕಳಿಸ್ತಿದ್ದೀನಿ. ಅವಳು ತಂದು ತೋರಿಸ್ತಾಳೆ.)

ರುದ್ರಕ್ಕಾ,

ನಿನ್ನ ಕಾಗದ ಇವತ್ತು ಬಂತು. ಓದಿ ಬಾಗಿಲು ಹಾಕಿಕೊಂಡೆ. ಕೂತು ಬರೀತಿದ್ದೀನಿ, ಪೂರ್ತಿ ಓದು.

ಮೊದಲ ದಿನ ಸಿಗ್ರಿಡ್ ಮಂಡಿಯೂರಿ ಕೂತಾಗ, ಇದೆಲ್ಲ ನೀವೇ ಬರೆದದ್ದಾ ಅಂತ ಕೇಳಿದರು. ನನಗೆ ಆಗ ಬರ್ತಿದ್ದ ಇಂಗ್ಲಿಷಿನಲ್ಲಿ ಎಸ್ ಅಂದೆ. ಆಮೇಲೆ ಎಲ್ಲ ಅದರ ಮೇಲೇ ಕಟ್ಟಿಕೊಂಡು ಹೋಯ್ತು. ಪೇಪರಿನವರು ಬಂದರು. ಶಾಲೆಯವರು ಕೆಲಸ ಕೊಡ್ತೀವಿ ಅಂದರು. ಈಗ ಇಬ್ಬರು ಅಂದರೆ ಮೊದಲಿನದ್ದೂ ಸುಳ್ಳು ಅಂತಾರೆ, ವಾಪಸ್ ಕಳಿಸ್ತಾರೆ. ವಾಪಸ್ ಅಂದರೆ ಎಲ್ಲಿಗೆ ಅಂತ ನಿನಗೆ ಗೊತ್ತು. ಆ ಕೋಣೆಗೆ.

ಶೆಡ್ಡಿನಲ್ಲಿ ಯಾರಿದ್ದಾರೆ ಅಂತ ಕೇಳಿದ್ದಕ್ಕೆ, ಬಣ್ಣ ಕಲಸೋ ಒಬ್ಬರು ವಯಸ್ಸಾದ ಹೆಲ್ಪರ್ ಇದ್ದಾರೆ ಅಂದಿದ್ದೀನಿ. ಅಕ್ಕಾ, ನೀನು ನಾಟಕದವಳು. ರಾಣಿ ಪಾತ್ರ ಮಾಡಿದ್ದೀಯ, ದಾಸಿ ಪಾತ್ರಾನೂ ಮಾಡಿದ್ದೀಯ. ಒಂದೇ ಒಂದು ಗಂಟೆ ಅಷ್ಟೇ. ಕೆಂಪು ಟ್ರಂಕು ಪಕ್ಕದ ಅಂಗಡಿಯಲ್ಲಿ ಇಡು. ನನ್ನ ಕಾಲು ಇಲ್ಲಿ ಗಟ್ಟಿಯಾಗಿ ಊರಿದ ಮೇಲೆ ನಿನ್ನನ್ನು ಕರೆಸಿಕೊಳ್ತೀನಿ. ಅಲ್ಲಾಹನ ಆಣೆ.

ಶರ್ಫು

*

ತೆಲೆಮಾರ್ಕ್
11 ಮಾರ್ಚ್ 2024
(ನಾಜಿಶ್ ಫೋನಿಗೆ)

ಅಕ್ಕಾ,

ಉತ್ತರ ಬರಲಿಲ್ಲ. ನೀನು ಓದಿ ಫೋನು ನಾಜಿಶ್ ಕೈಗೆ ಕೊಟ್ಟು, ಟೀ ಕುಡೀತೀಯಾ ಅಂತ ಕೇಳಿದೆಯಂತೆ. ನೀನು ಒಪ್ಪಿದ್ದೀಯ ಅಂತ ತಿಳಕೊಂಡಿದ್ದೀನಿ. ನಿನ್ನ ಮನಸ್ಸು ದೊಡ್ಡದು.

ರಂಜಾನ್ ಶುರುವಾಗ್ತಿದೆ. ನಿನಗೂ ದುವಾ ಮಾಡ್ತೀನಿ.

ಶರ್ಫು

*

ಹಲಸೂರು
20 ಮಾರ್ಚ್ 2024

ಶರ್ಫುನ್ನೀಸಾ,

ಆಟ ಮುಗಿಯಿತು. ಹೇಗಾಯಿತು ಅಂತ ಕೇಳಬೇಕಾದವಳು ನೀನು, ಹೇಳಬೇಕಾದವಳು ನಾನು. ಕೇಳಿಸಿಕೋ.

ನನ್ನ ಹಳೇ ಕಂದು ಸೀರೆ ಉಟ್ಟೆ, ಟ್ರಂಕಿನ ಧೂಳು ಒರೆಸಲು ಇಟ್ಟಿದ್ದೆನಲ್ಲ, ಅದು. ಕುಂಕುಮ ಸಣ್ಣದು ಮಾಡಿದೆ. ಬೆನ್ನು ಸ್ವಲ್ಪ ಬಾಗಿಸಿದೆ, ತೀರಾ ಬಾಗಿಸಿದರೆ ಗ್ಯಾಲರಿಯವರ ಚಪ್ಪಾಳೆಗೆ ಆಡಿದ ಹಾಗಾಗುತ್ತದೆ. ಕೆಂಪು ಟ್ರಂಕು ವೆಲ್ಡಿಂಗ್ ಅಂಗಡಿಯವನಲ್ಲಿ ಇಟ್ಟೆ. ಅವನು, ಯಾಕಮ್ಮಾ, ಇವತ್ತು ತೋರಿಸ್ತೀನಿ ಅಂತಿದ್ದಿರಲ್ಲ ಅಂದ. ಬಣ್ಣ ಇನ್ನೂ ಹಸಿ ಅಂದೆ. ಅವನು ಮುಟ್ಟಿ ನೋಡಿದ. ಒಣಗಿ ಎಷ್ಟೋ ದಿನವಾಗಿತ್ತು. ಮೇಲೊಂದು ಗೋಣಿಚೀಲ ಎಳೆದ.

ಸಿಗ್ರಿಡ್ ಬಾಯಿ ಬಾಗಿಲಿಗೆ ತಲೆ ತಗುಲಿಸಿಕೊಂಡೇ ಒಳಗೆ ಬಂದಳು. ಒಳ್ಳೆಯ ಹೆಂಗಸು. ನಾನು ಕೊಟ್ಟ ಕಾಫಿಯನ್ನು ನಾಜಿಶಳಿಗೂ ಚಾಚಿ, ಅವಳಿಗೆ ರಂಜಾನಿನ ರೋಜಾ ಅಂತ ತಿಳಿದು ನಾಚಿ, ತಾನೂ ಕುಡಿಯದೆ ಇಟ್ಟಳು. ನಾಜಿಶ್ ಅವಳ ಮಾತನ್ನು ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳುತ್ತಿದ್ದಳು. ನಾನು ಕೈಕಟ್ಟಿ ನಿಂತು, ಶರ್ಫುನ್ನೀಸಾ ಮೇಡಂ ತುಂಬಾ ಚೆನ್ನಾಗಿ ಬರೀತಾರೆ, ನಾನು ಬರೀ ಬಣ್ಣ ಕಲಸ್ತೀನಿ ಅಂದೆ. ನಾಜಿಶ್ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಗೋಡೆಗೆ ಒರಗಿದಳು. ಉಪವಾಸದ ಸುಸ್ತು ಅಂತ ಆ ಬಾಯಿ ತಿಳಿದಳು.

ಆಮೇಲೆ ಅವಳು ಒಂದು ಮಾತು ಕೇಳಿದಳು. ನೀಲಿ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಮಸಿ ಬೆರಳಿತ್ತಲ್ಲ, ನಿಮ್ಮದೇ ಇರಬೇಕು ಅಂದಳು. ನಗುತ್ತಲೇ ಅಂದಳು. ನನಗದು ಹಾಗೇ ಇರಲಿ ಅನಿಸಿತ್ತು, ಶರ್ಫು ಕೇಳಲಿಲ್ಲ, ತಾನೇ ಎಣ್ಣೆ ಬಟ್ಟೆ ತಗೊಂಡು ಒರೆಸಿದಳು, ನಮ್ಮ ಹೆಲ್ಪರಿಗೆ ಕೈ ತೊಳೆದುಕೊಳ್ಳುವ ಅಭ್ಯಾಸ ಇಲ್ಲ ಅಂತ ಕ್ಷಮೆ ಕೇಳಿದಳು ಅಂದಳು.

ನಾಜಿಶ್ ಅದನ್ನು ಅರ್ಧಕ್ಕೇ ನಿಲ್ಲಿಸಿದಳು. ಪೂರ್ತಿ ಹೇಳು ಅಂದೆ. ಹೇಳಿದಳು.

ಆಗ ನಾನು ಏನು ಮಾಡಬಹುದಿತ್ತು ಅಂತ ನಿನಗೆ ಗೊತ್ತು. ಪಕ್ಕದ ಅಂಗಡಿಯ ಗೋಣಿಚೀಲ ಎಳೆದರೆ ಸಾಕಿತ್ತು. ಎಳೆಯಲಿಲ್ಲ. ನಮ್ಮ ಕಂಪನಿಯಲ್ಲಿ ಒಂದು ಕಟ್ಟಳೆ ಇತ್ತು. ರಂಗದ ಮೇಲೆ ಒಬ್ಬ ತಪ್ಪು ಮಾತಾಡಿದರೆ ಜೊತೆಗಿರುವವನು ಆ ತಪ್ಪನ್ನೇ ಕತೆ ಮಾಡಿ ನಡೆಸಿಕೊಂಡು ಹೋಗಬೇಕು. ರಾಮ ಬಾಯಿ ತಪ್ಪಿ ಲಕ್ಷ್ಮಣ ಸತ್ತ ಅಂದರೆ ಲಕ್ಷ್ಮಣ ಬೀಳಬೇಕು. ನಾನು ಬಿದ್ದೆ. ಹೌದು ಅಮ್ಮಾವರೇ, ನನ್ನ ಕೈ ಯಾವಾಗಲೂ ಕೊಳೆ ಅಂದೆ.

ಅವಳಿಗೆ ಕನಿಕರ ಬಂತು. ನೀವೂ ಒಂದು ಎಸಳು ಬರೆದು ನೋಡಿ ಅಂತ ಕುಂಚ ನನ್ನ ಕೈಗೆ ಕೊಟ್ಟಳು. ನನ್ನ ಕುಂಚ, ನನ್ನ ಗಾಜು, ನನ್ನ ಕೆಂಪು. ಕೈ ನಡುಗಿಸಿದೆ. ಅಂಚು ಅಳುವ ಹಾಗೆ ಬರೆದೆ, ಮಗು ಗೀಚಿದ ಹಾಗೆ. ನಲವತ್ತು ವರ್ಷದ ಕೈಯನ್ನು ಕೆಡಿಸಿ ಒಂದು ಎಸಳು ಬರೆಯುವುದು ಎಷ್ಟು ಕಷ್ಟ ಅಂತ ನಿನಗೆ ತಿಳಿಯದು. ಅವಳು ನನ್ನ ಭುಜ ತಟ್ಟಿ, ಪರವಾಗಿಲ್ಲ, ಕಲಿಯಲು ವಯಸ್ಸಿಲ್ಲ ಅಂದಳು. ಹಳೇ ಕಾಲದ ನಮ್ಮ ಚಿತ್ರಕಾರರ ಜೊತೆಗೂ ಬಣ್ಣ ಅರೆಯುವವರು ಇರುತ್ತಿದ್ದರು, ಅವರ ಹೆಸರು ಯಾರಿಗೂ ಗೊತ್ತಿಲ್ಲ, ಅದನ್ನು ನೆನೆದರೆ ನನಗೆ ದುಃಖವಾಗುತ್ತೆ ಅಂತಲೂ ಅಂದಳು. ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಆದರೆ ನನ್ನ ಹೆಸರೇನು ಅಂತ ಅವಳೂ ಕೇಳಲಿಲ್ಲ.

ಹೊರಡುವ ಮುನ್ನ ಬಾಯಲ್ಲೇ ಒಂದು ವಾಲ್ಟ್ಸ್ ಗುನುಗಿ ನನ್ನತ್ತ ಕೈ ಚಾಚಿದಳು. ಒಲ್ಲೆ ಅನ್ನಬಾರದು ಅಂತ ನೀನೇ ಬರೆದಿದ್ದೆಯಲ್ಲ. ಡಬ್ಬಿಗಳ ನಡುವೆ ಸುತ್ತಿದೆ. ಹಾಡು ನನಗೆ ಕೇಳಲಿಲ್ಲ, ಅವಳ ಬೂಟಿನ ಸದ್ದು ಅಂಗಾಲಿಗೆ ತಿಳಿಯಿತು. ಆ ಕುಣಿತದಲ್ಲಿ ನಾನು ಪಾತ್ರ ಮರೆತು ಬೆನ್ನು ನೆಟ್ಟಗೆ ಮಾಡಿಬಿಟ್ಟೆ. ಅವಳು ಗಮನಿಸಿದಳೋ ಇಲ್ಲವೋ.

ನೀನು ಕಳಿಸಿದ ಉಡುಗೊರೆಯ ಮರದ ಬಟ್ಟಲು ಕೊಟ್ಟಳು. ನಿನ್ನ ಬಳ್ಳಿ ಚೆನ್ನಾಗಿದೆ. ಹೂವು ನೋಡಿದೆ. ಒಂದಕ್ಕೆ ಬಿಳಿ ಬಲಗಡೆ, ಮಗ್ಗುಲಿನದಕ್ಕೆ ಎಡಗಡೆ. ಒಂದೇ ಕೊಂಬೆಗೆ ಎರಡು ಸೂರ್ಯ ಬರೆದಿದ್ದೀಯ.

ಎಲ್ಲ ಪಾತ್ರಗಳಿಗೂ ಚಪ್ಪಾಳೆ ಗಿಟ್ಟಿಸಿದ್ದೇನೆ. ಇದಕ್ಕೆ ಚಪ್ಪಾಳೆ ಬಾರದಿದ್ದುದೇ ಗೆಲುವು.

ರುದ್ರಾಣಿ

*

ತೆಲೆಮಾರ್ಕ್
12 ಏಪ್ರಿಲ್ 2024

ನನ್ನ ರುದ್ರಕ್ಕಾ,

ಮೊನ್ನೆ ಈದ್ ಆಯ್ತು. ನಿನ್ನ ಕಾಗದ ಬಂದು ಸುಮಾರು ದಿನ ಆಯ್ತು. ಬೇರೆ ಬೇರೆ ಥರ ಉತ್ತರ ಬರೆದು ಹರಿದೆ. ಆ ಒರೆಸಿದ ವಿಷಯ ಸಿಗ್ರಿಡ್ ಸ್ವಲ್ಪ ಬೇರೆ ಥರ ಹೇಳಿದ್ದಾರೆ, ಎದುರು ಸಿಕ್ಕಾಗ ಮಾತಾಡೋಣ.

ಸಿಗ್ರಿಡ್‌ಗೆ ನೀನು ತುಂಬಾ ಹಿಡಿಸಿದ್ದೀಯ. ಪಾಪ, ಆ ಅಜ್ಜಿಯ ಕೈ ನಡುಗುತ್ತೆ ಅಂತ ಎಲ್ಲರ ಮುಂದೆ ಹೇಳಿದರು. ನಾನು ಒಳಗೊಳಗೇ ನಕ್ಕೆ. ಏನು ಆಕ್ಟಿಂಗ್ ಅಕ್ಕಾ ನಿಂದು.

ಕೆಲಸ ಪಕ್ಕಾ ಆಯ್ತು. ಆದರೆ ಒಂದು ತೊಂದರೆ. ಜೂನಿನಲ್ಲಿ ಊರ ಮ್ಯೂಸಿಯಮ್ಮಿಗೆ ಒಂದು ಮದುಮಗಳ ಪೆಟ್ಟಿಗೆ ಬರೆದುಕೊಡಬೇಕು. ನೀಲಿ ಟ್ರಂಕಿನ ಥರಾನೇ ಹೂವು ಬೇಕಂತೆ. ನಾನು ಬರೆದ ಹೂವು ನೋಡಿ ಸಿಗ್ರಿಡ್ ಇತ್ತೀಚೆಗೆ ಏನೂ ಅನ್ನಲ್ಲ, ಸುಮ್ಮನೆ ನೋಡ್ತಾರೆ. ಆ ಸುಮ್ಮನಿರೋದು ನನಗೆ ಹೆದರಿಕೆ. ಅದಕ್ಕೇ ಪೆಟ್ಟಿಗೆಯ ನಾಲ್ಕು ಹಲಗೆ ಕೊರಿಯರಿನಲ್ಲಿ ಕಳಿಸಿದ್ದೀನಿ, ಬಳ್ಳಿ ಬರೆದಾಗಿದೆ. ನೀನು ಹೂವು ತುಂಬಿಸಿ ವಾಪಸ್ ಕಳಿಸು. ನಾನು ಕೋಣೆಯಲ್ಲೇ ಬರೀತೀನಿ ಅಂತ ಇಲ್ಲಿ ಹೇಳಿದ್ದೀನಿ, ಯಾರೂ ಒಳಗೆ ಬರಲ್ಲ. ಹೆಬ್ಬೆಟ್ಟು ಮಾತ್ರ ಬೇಡ.

ನಿನ್ನನ್ನು ಕರೆಸಿಕೊಳ್ಳೋ ಮಾತು ಮರೆತಿಲ್ಲ. ಈ ಸಲ ಕೈ ಹಿಡಿ ಅಕ್ಕಾ. ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ.

ನಿನ್ನ ಶರ್ಫು

*

ಹಲಸೂರು
6 ಮೇ 2024

ಶರ್ಫುನ್ನೀಸಾ ಮೇಡಂ ಅವರಿಗೆ,

ತಮ್ಮ ಶೆಡ್ಡಿನಲ್ಲಿ ಬಣ್ಣ ಕಲಸುವ ರುದ್ರಾಣಿ ಮಾಡುವ ನಮಸ್ಕಾರಗಳು. ತಾವು ಅಲ್ಲಿ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ.

ತಾವು ಕಳಿಸಿದ ನಾಲ್ಕು ಹಲಗೆ ಜೋಪಾನವಾಗಿ ಬಂದವು. ಬಳ್ಳಿ ಬಹಳ ಚೆನ್ನಾಗಿದೆ, ತಮ್ಮ ತಂದೆಯವರ ಕೈಯೇ ಕಂಡ ಹಾಗಾಯಿತು. ಕೆಂಪು, ಬಿಳಿ, ಹಸಿರು ಮೂರನ್ನೂ ಹದವಾಗಿ ಕಲಸಿ, ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ಗೂಡಿನಲ್ಲಿಟ್ಟಿದ್ದೇನೆ. ನನ್ನ ಕೆಲಸ ಅಷ್ಟೇ ಅಲ್ಲವೇ. ಕೈ ತೊಳೆದುಕೊಂಡೇ ಕಲಸಿದ್ದೇನೆ.

ಹೂವು ತುಂಬಿಸು ಅಂತ ಬರೆದಿದ್ದೀರಿ. ಯಾರಿಗೋ ಬರೆದದ್ದು ತಪ್ಪಿ ನನ್ನ ಲಕೋಟೆಗೆ ಬಂದಿರಬೇಕು. ಹೂವು ಬರೆಯುವವರು ತಾವು. ಊರೆಲ್ಲ ಹಾಗೇ ತಿಳಿದಿದೆ. ನನ್ನ ಕೈ ನಡುಗುತ್ತದೆ ಮೇಡಂ, ದೊಡ್ಡ ಮೇಡಂ ಕಣ್ಣಾರೆ ನೋಡಿ ಹೋಗಿದ್ದಾರೆ.

ನಾಲ್ಕೂ ಹಲಗೆಗಳನ್ನು ಬಂದ ಹಾಗೆಯೇ ಇವತ್ತಿನ ಕೊರಿಯರಿನಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ಜೂನಿನೊಳಗೆ ತಲುಪುತ್ತವೆ.

ಇಂತಿ ತಮ್ಮ ಹೆಲ್ಪರ್